ಆಸ್ಬೆಸ್ಟಾಸ್ ನಿಷೇಧವಾಗಿದೆ, ಆದರೆ ನಿಮ್ಮ ಮನೆಯ ಡಕ್ಟಿಗೆ ಅದು ಅನ್ವಯಿಸುವುದಿಲ್ಲ

ಉಸಿರಿನೊಡನೆ ಒಳಹೋದರೆ ರೋಗ ತರುವ ಸೂಕ್ಷ್ಮ ಎಳೆಗಳ ಖನಿಜ ಆಸ್ಬೆಸ್ಟಾಸ್, ಅಂದರೆ ಕಲ್ನಾರು. ಅಮೆರಿಕದಲ್ಲಿ ಅದರ ಕುರಿತ ಸುದ್ದಿ ಎರಡು ವರ್ಷದೊಳಗೆ ಮೂರು ಸಲ ದಿಕ್ಕು ಬದಲಿಸಿತು. 2024ರ ಮಾರ್ಚ್‌ನಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಕ್ರೈಸೊಟೈಲ್ ಎಂಬ ಬಿಳಿ ಆಸ್ಬೆಸ್ಟಾಸನ್ನು ನಿಷೇಧಿಸಿತು. 2025ರ ಜೂನ್‌ನಲ್ಲಿ ಅದೇ ಸಂಸ್ಥೆ ನ್ಯಾಯಾಲಯದ ಮುಂದೆ ಆ ನಿಯಮವನ್ನು ಮರುಪರಿಶೀಲಿಸುವುದಾಗಿ ಹೇಳಿತು. ಮರುತಿಂಗಳೇ ಆ ಮಾತನ್ನು ಹಿಂದಕ್ಕೆ ಪಡೆಯಿತು. ಇದರ ನಡುವೆ, ಹಳೆಯ ಕಟ್ಟಡಗಳಲ್ಲಿ ಈಗಾಗಲೇ ಇರುವ ಆಸ್ಬೆಸ್ಟಾಸ್ ಕೆದಕಿದಾಗ ಆರೋಗ್ಯಕ್ಕೆ ಅಪಾಯಕಾರಿ ಎಂದು ಹೇಳುವ ಇನ್ನೊಂದು ವರದಿಯನ್ನೂ 2024ರ ಕೊನೆಯಲ್ಲಿ ಹೊರತಂದಿತು.

ನ್ಯೂಜೆರ್ಸಿ, ಷಿಕಾಗೊ, ಡೆಟ್ರಾಯಿಟ್ ಕಡೆಗಳಲ್ಲಿ ಐವತ್ತು, ಎಪ್ಪತ್ತು ವರ್ಷ ಹಳೆಯ ಮನೆ ಕೊಂಡಿರುವ ಕನ್ನಡ ಕುಟುಂಬಗಳಿಗೆ ಈ ಸುದ್ದಿಗಳಿಂದ ಗೊಂದಲವಾಗುವುದು ಸಹಜ. ಬೇಸ್‌ಮೆಂಟಿನಲ್ಲಿ ಬಿಸಿಗಾಳಿ ಒಯ್ಯುವ ಡಕ್ಟಿನ, ಅಂದರೆ ತಗಡಿನ ಕೊಳವೆಯ, ಮೇಲೆ ಸುತ್ತಿರುವ, ಆಸ್ಬೆಸ್ಟಾಸ್ ಇರಬಹುದಾದ ಬಿಳಿ ಕಾಗದವನ್ನು ಈಗ ಕಾನೂನಿನ ಪ್ರಕಾರ ತೆಗೆಸಲೇಬೇಕೆ? ನಿಷೇಧ ಉಳಿದದ್ದರಿಂದ ಮನೆ ಸುರಕ್ಷಿತವಾಯಿತೆ? ಎರಡಕ್ಕೂ ಉತ್ತರ "ಇಲ್ಲ" ಎಂಬುದೇ. ಆ ಕಾಗದದಿಂದ ಅಪಾಯ ಇದೆಯೋ ಇಲ್ಲವೋ ಎಂಬುದು ವಾಷಿಂಗ್ಟನ್ನಿನಲ್ಲಿ ತೀರ್ಮಾನವಾಗುವುದಿಲ್ಲ. ಅದು ಯಾವ ಸ್ಥಿತಿಯಲ್ಲಿದೆ, ಡಕ್ಟಿನ ಯಾವ ಭಾಗದಲ್ಲಿದೆ, ಮುಂದೆ ಯಾರು ಅದಕ್ಕೆ ಕೈಹಾಕಲಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ.

ನಿಷೇಧದೊಳಗೆ ಇರುವುದು ಏನು

2024ರ ನಿಯಮ ಮುಟ್ಟಿದ್ದು ಆಗಲೂ ನಡೆಯುತ್ತಿದ್ದ ಆಮದು ಮತ್ತು ಬಳಕೆಯನ್ನು ಮಾತ್ರ. ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡಾ ತಯಾರಿಸುವ ಎಂಟು ಕಾರ್ಖಾನೆಗಳಲ್ಲಿನ ಡಯಾಫ್ರಮ್, ರಾಸಾಯನಿಕ ಉದ್ಯಮದ ಗ್ಯಾಸ್ಕೆಟ್ ಶೀಟು, ತೈಲಬಾವಿ ಯಂತ್ರಗಳ ಬ್ರೇಕ್ ಬ್ಲಾಕ್, ವಾಹನಗಳ ಬ್ರೇಕ್ ಲೈನಿಂಗ್, ಇವೇ ಅದರ ವ್ಯಾಪ್ತಿ. ಕೆಲವಕ್ಕೆ ಆರು ತಿಂಗಳು, ಕೆಲವು ಕಾರ್ಖಾನೆಗಳಿಗೆ ಹನ್ನೆರಡು ವರ್ಷದವರೆಗೆ ಕಾಲಾವಕಾಶವಿದೆ. 1950ರಲ್ಲಿ ಕಟ್ಟಿದ ಮನೆಯಲ್ಲಿ, ಮನೆ ಬೆಚ್ಚಗಿಡುವ ಫರ್ನೆಸ್ ಯಂತ್ರದ ಪಕ್ಕದ ಹೊದಿಕೆಯ ಪಟ್ಟಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ನಿಷೇಧ ಹೀಗೆ ತುಂಡುತುಂಡಾಗಿರುವುದಕ್ಕೆ ಇತಿಹಾಸ ಕಾರಣ. 1973ರಲ್ಲಿ ಕಟ್ಟಡಗಳಿಗೆ ಸಿಂಪಡಿಸುವ ಆಸ್ಬೆಸ್ಟಾಸ್, 1975ರಲ್ಲಿ ಪೈಪು ಮತ್ತು ಬಾಯ್ಲರುಗಳ ಶಾಖನಿರೋಧಕ ಹೊದಿಕೆ, ಹೀಗೆ ಒಂದೊಂದಾಗಿ ನಿರ್ಬಂಧ ಬಂದವು. 1989ರಲ್ಲಿ ಇಪಿಎ ಬಹುತೇಕ ಎಲ್ಲ ಬಳಕೆಯನ್ನೂ ಹಂತಹಂತವಾಗಿ ನಿಲ್ಲಿಸುವ ನಿಯಮ ತಂದಿತು. 1991ರಲ್ಲಿ ಫಿಫ್ತ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದರ ಬಹುಭಾಗವನ್ನು ರದ್ದು ಮಾಡಿತು. 2016ರಲ್ಲಿ ವಿಷಕಾರಿ ವಸ್ತುಗಳ ಕಾನೂನಿಗೆ ತಿದ್ದುಪಡಿ ಆದ ಮೇಲೆ ಇಪಿಎ ಮತ್ತೆ ಕೆಲಸಕ್ಕಿಳಿಯಿತಾದರೂ, ಹಳೆಯ ಕಟ್ಟಡಗಳಲ್ಲಿ ಉಳಿದಿರುವುದನ್ನು ಲೆಕ್ಕದಿಂದ ಹೊರಗಿಟ್ಟಿತ್ತು. ಅದನ್ನೂ ಪರಿಗಣಿಸಲೇಬೇಕು ಎಂದು 2019ರಲ್ಲಿ ನೈನ್ತ್ ಸರ್ಕ್ಯೂಟ್ ನ್ಯಾಯಾಲಯ ಹೇಳಿದ್ದರಿಂದಲೇ 2024ರ ಎರಡನೆಯ ವರದಿ ಬಂತು. ಆ ವರದಿ ಅಪಾಯವನ್ನು ಗುರುತಿಸುತ್ತದೆ, ಅಷ್ಟೆ. ಮನೆಯವರು ಇಂಥದ್ದು ಮಾಡಬೇಕೆಂದು ಆಜ್ಞೆ ಮಾಡುವುದಿಲ್ಲ.

ಡಕ್ಟಿನಲ್ಲಿ ಅದು ಎಲ್ಲೆಲ್ಲಿ ಅಡಗಿರುತ್ತದೆ

ಫರ್ನೆಸಿನಿಂದ ಬಿಸಿಗಾಳಿಯನ್ನು ಕೋಣೆಗಳಿಗೆ ಒಯ್ಯುವುದು ಸಪ್ಲೈ ಡಕ್ಟ್, ಕೋಣೆಯ ಗಾಳಿಯನ್ನು ಮರಳಿ ತರುವುದು ರಿಟರ್ನ್ ಡಕ್ಟ್. ತಗಡಿನ ಡಕ್ಟಿನ ಹೊರಮೈಗೆ ಸುತ್ತಿದ, ಅಡ್ಡ ಕತ್ತರಿಸಿದರೆ ಪ್ಯಾಕಿಂಗ್ ರಟ್ಟಿನ ಅಲೆಗಳಂತೆ ಕಾಣುವ ಬಿಳಿ ಅಥವಾ ಬೂದು ಬಣ್ಣದ ಕಾಗದ ಮೊದಲ ಸಂಶಯಿತ. ಎರಡನೆಯದು ಇನ್ನೂ ಸಾಮಾನ್ಯ: ಡಕ್ಟಿನ ಕೀಲುಗಳ ಮೇಲೆ ಮಾತ್ರ ಅಂಟಿಸಿದ ಎರಡು ಮೂರು ಅಂಗುಲ ಅಗಲದ ಬಿಳಿ ಪಟ್ಟಿ. ಅದು ಹಳೆಯ ಪ್ಲಾಸ್ಟರ್ ಪಟ್ಟಿಯಂತೆ ಕಾಣುವುದರಿಂದ ಕಣ್ಣು ತಪ್ಪಿಸಿಕೊಳ್ಳುತ್ತದೆ. ಕೋಣೆಗೆ ಗಾಳಿ ಬಿಡುವ ಜಾಲರಿ ರಿಜಿಸ್ಟರ್; ಗೋಡೆಯೊಳಗೆ ಹೋಗುವ ಅದರ ಪೆಟ್ಟಿಗೆಯ ಸುತ್ತಲೂ ಇಂಥದೇ ಕಾಗದದ ತುಂಡು ಇರಬಹುದು. ಫರ್ನೆಸಿನ ಕಂಪನ ಡಕ್ಟಿಗೆ ಹಾಯದಂತೆ ನಡುವೆ ಹಾಕುವ ಬಟ್ಟೆಯ ಜೋಡಣೆ ಹಳೆಯ ಮನೆಗಳಲ್ಲಿ ಆಸ್ಬೆಸ್ಟಾಸ್ ನೇಯ್ಗೆಯದೇ ಆಗಿರುವ ಸಾಧ್ಯತೆ ಹೆಚ್ಚು. ಅದಕ್ಕೊಂದು ವಿಶೇಷ ಅಪಾಯವಿದೆ: ಉಳಿದವೆಲ್ಲ ಡಕ್ಟಿನ ಹೊರಗಿದ್ದರೆ, ಈ ಬಟ್ಟೆಯ ಒಳಮೈ ನೇರವಾಗಿ ಗಾಳಿಯ ದಾರಿಯಲ್ಲಿದೆ.

ಬೇಸ್‌ಮೆಂಟ್ ಇಲ್ಲದೆ ಕಾಂಕ್ರೀಟ್ ಹಾಸಿನ ಮೇಲೆ ಕಟ್ಟಿದ 1950, 60ರ ದಶಕಗಳ ಮನೆಗಳಲ್ಲಿ ಡಕ್ಟು ನೆಲದೊಳಗೇ ಹೂತಿರುತ್ತದೆ. ಅವುಗಳಲ್ಲಿ ಹಲವು ಟ್ರಾನ್ಸೈಟ್ ಎಂದು ಕರೆಯುವ ಆಸ್ಬೆಸ್ಟಾಸ್ ಸಿಮೆಂಟಿನ ದುಂಡನೆಯ ಕೊಳವೆಗಳು. ರಿಜಿಸ್ಟರ್ ಮುಚ್ಚಳ ಎತ್ತಿ ಟಾರ್ಚ್ ಹಾಕಿದರೆ ತಗಡಿನ ಹೊಳಪಿಲ್ಲದ, ಗಟ್ಟಿ, ಬೂದು ಗೋಡೆ ಕಾಣುತ್ತದೆ. ಆಟಿಕ್‌ನಲ್ಲಿ, ಅಂದರೆ ಮಾಡಿನ ಕೆಳಗಿನ ಅಟ್ಟದಲ್ಲಿ, ಡಕ್ಟಿನ ಸುತ್ತ ಸುರಿದಿರುವ, ಹೊಳೆಯುವ ಹರಳಿನಂಥ ವರ್ಮಿಕ್ಯುಲೈಟ್ ಎಂಬ ಶಾಖನಿರೋಧಕ ಖನಿಜ ಕೂಡ ಇದೇ ಪಟ್ಟಿಗೆ ಸೇರಬೇಕು. ಅಮೆರಿಕದ ಬಹುಪಾಲು ವರ್ಮಿಕ್ಯುಲೈಟ್ ಬಂದದ್ದು ಮೊಂಟಾನಾದ ಲಿಬ್ಬಿ ಗಣಿಯಿಂದ. ಅದು 1990ರಲ್ಲಿ ಮುಚ್ಚುವವರೆಗೂ ಅದರ ಅದಿರಿನಲ್ಲಿ ಆಸ್ಬೆಸ್ಟಾಸ್ ಬೆರೆತಿತ್ತು.

ಕರ್ನಾಟಕದಲ್ಲಿ ಸಿಮೆಂಟ್ ಶೀಟಿನ ಮಾಡಿನ ಕೆಳಗೆ ಬೆಳೆದವರು ಇದನ್ನೆಲ್ಲ ಕೇಳಿ, "ನಮ್ಮೂರಲ್ಲಿ ಎಲ್ಲರ ಮನೆ ಮೇಲೂ ಅದೇ ಇತ್ತಲ್ಲ" ಎನ್ನುವುದುಂಟು. ಭಾರತದಲ್ಲಿ ಆ ಶೀಟು ಇಂದಿಗೂ ಕಾನೂನುಬದ್ಧ, ಅದಕ್ಕೆ ಬೇಕಾದ ಕಲ್ನಾರು ಆಮದಾಗುತ್ತದೆ ಎಂಬುದು ನಿಜ. ಅದು ನಿರಪಾಯ ಎಂದು ಇದರ ಅರ್ಥವಲ್ಲ. ಕತ್ತರಿಸುವಾಗ, ಒಡೆಯುವಾಗ, ಮಳೆಬಿಸಿಲಿಗೆ ಸವೆದಾಗ ಶೀಟೂ ಎಳೆ ಬಿಡುತ್ತದೆ. ಆದರೂ ಅದರಲ್ಲಿ ಎಳೆಯ ಪಾಲು ಕಡಿಮೆ ಮತ್ತು ಅದನ್ನು ಸಿಮೆಂಟು ಬಿಗಿಯಾಗಿ ಹಿಡಿದಿರುತ್ತದೆ. ಡಕ್ಟಿನ ಕಾಗದದಲ್ಲಿ ಎಳೆಯೇ ಮುಖ್ಯ ಸರಕು. ಒಣಗಿದ ಕಾಗದವನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕೈಯೊತ್ತಡಕ್ಕೆ ಪುಡಿಯಾಗುವ ಈ ಗುಣವೇ ನಿಯಮಗಳಲ್ಲಿ ಅಪಾಯದ ಮೊದಲ ಅಳತೆ.

"ಮುಟ್ಟದಿದ್ದರೆ ಏನೂ ಆಗುವುದಿಲ್ಲ" ಎಂಬ ಮಾತಿನ ಮಿತಿ

ಹೊದಿಕೆ ಗಟ್ಟಿಯಾಗಿದ್ದರೆ ಅದನ್ನು ಹಾಗೆಯೇ ಬಿಡಿ ಎಂಬುದು ಇಪಿಎಯ ಹಳೆಯ ಸಲಹೆ. ಅದಕ್ಕೆ ಬಲವಾದ ಕಾರಣವಿದೆ. ರೋಗ ತರುವುದು ಉಸಿರಿನೊಡನೆ ಒಳಹೋಗುವ ಎಳೆ. ಹೊದಿಕೆಯಲ್ಲಿ ಬಂಧಿಯಾಗಿರುವ ಎಳೆ ಶ್ವಾಸಕೋಶ ಮುಟ್ಟುವುದಿಲ್ಲ. ಕೆಟ್ಟದಾಗಿ ಮಾಡಿದ ತೆಗೆಯುವ ಕೆಲಸವು, ಏನೂ ಮಾಡದೆ ಬಿಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಎಳೆಯನ್ನು ಮನೆತುಂಬ ಹರಡುತ್ತದೆ.

ಇದನ್ನು ಒಪ್ಪದವರ ವಾದವೂ ತಳ್ಳಿಹಾಕುವಂಥದ್ದಲ್ಲ. ಆಸ್ಬೆಸ್ಟಾಸ್ ಪೀಡಿತರ ಪರ ಸಂಘಟನೆಗಳು ಹೇಳುವುದಿಷ್ಟು: ಸುರಕ್ಷಿತ ಎನ್ನಬಹುದಾದ ಕನಿಷ್ಠ ಮಟ್ಟವೇ ಗೊತ್ತಿಲ್ಲದ ವಸ್ತು ಇದು. ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಹಿಡಿಯುತ್ತದೆ. ಬಿಟ್ಟದ್ದು ಎಂದೋ ಒಂದು ದಿನ ಯಾರದೋ ಕೈಯಲ್ಲಿ ಹರಿಯಲೇಬೇಕು. ಕೆಲಸದ ಜಾಗದಲ್ಲಿ ಆಸ್ಬೆಸ್ಟಾಸ್ ಸೋಕಿ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಲ್ಲಿ ಒಂದು ಭೇದ ಗಮನಿಸಬೇಕು. ಆ ಲೆಕ್ಕ ವರ್ಷಗಟ್ಟಲೆ ಧೂಳಿನಲ್ಲಿ ದುಡಿದವರದು. ಒಮ್ಮೆ ಹರಿದ ಪಟ್ಟಿಯ ಪಕ್ಕ ಹಾದುಹೋದವರ ಅಪಾಯ ಅದಕ್ಕಿಂತ ಬಹಳ ಚಿಕ್ಕದು. ಸೊನ್ನೆಯಲ್ಲ, ಆದರೆ ಗಾಬರಿಯಿಂದ ನಿರ್ಧಾರ ತೆಗೆದುಕೊಳ್ಳುವಷ್ಟು ದೊಡ್ಡದೂ ಅಲ್ಲ.

ಎರಡೂ ಕಡೆಯವರು ಸಾಮಾನ್ಯವಾಗಿ ಬಿಟ್ಟುಬಿಡುವ ಅಂಶ ಗಾಳಿಯ ಒತ್ತಡ. ಗಾಳಿ ತಳ್ಳುವ ಫ್ಯಾನ್, ಅಂದರೆ ಬ್ಲೋವರ್, ತಿರುಗುವಾಗ ಸಪ್ಲೈ ಡಕ್ಟಿನೊಳಗೆ ಒತ್ತಡ ಹೆಚ್ಚು; ಕೀಲಿನಲ್ಲಿ ಸಂದಿದ್ದರೆ ಗಾಳಿ ಒಳಗಿನಿಂದ ಹೊರಗೆ ನುಗ್ಗುತ್ತದೆ. ರಿಟರ್ನ್ ಡಕ್ಟಿನಲ್ಲಿ ಇದು ಉಲ್ಟಾ: ಒಳಗೆ ಒತ್ತಡ ಕಡಿಮೆ, ಸಂದಿನಿಂದ ಬೇಸ್‌ಮೆಂಟಿನ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಸಾಮಾನ್ಯ ಮನೆಯಲ್ಲಿ ಡಕ್ಟಿನೊಳಗೆ ಸಾಗುವ ಗಾಳಿಯ ಶೇ 20ರಿಂದ 30 ಸೋರಿಹೋಗುತ್ತದೆ ಎಂದು ಇಪಿಎಯ ಎನರ್ಜಿ ಸ್ಟಾರ್ ಕಾರ್ಯಕ್ರಮವೇ ಹೇಳುತ್ತದೆ. ಹಾಗಾಗಿ ಸಪ್ಲೈ ಡಕ್ಟಿನ ಮೇಲೆ ಹರಿದ ಪಟ್ಟಿಯಿದ್ದರೆ ಎಳೆ ಬಹುಪಾಲು ಬೇಸ್‌ಮೆಂಟಿಗೆ ಬೀಳುತ್ತದೆ. ಅದೇ ಪಟ್ಟಿ ರಿಟರ್ನ್ ಕೀಲಿನ ಮೇಲೆ ಸಡಿಲವಾಗಿದ್ದರೆ ಉದುರಿದ್ದು ನೇರ ಬ್ಲೋವರಿಗೆ, ಅಲ್ಲಿಂದ ಮಲಗುವ ಕೋಣೆಗೆ ಹೋಗುತ್ತದೆ. ಬೇಸ್‌ಮೆಂಟಿಗೆ ಬಿದ್ದದ್ದನ್ನು ಕೂಡ ರಿಟರ್ನ್ ಸಂದು ಹೀರಿಕೊಳ್ಳಬಹುದು. ಒಂದೇ ಅಳತೆಯ ಹರಕಿಗೆ ಎರಡು ಕಡೆ ಎರಡು ಬೆಲೆ. ಹೊದಿಕೆ ಪರಿಶೀಲಿಸುವಾಗ ಮೊದಲು ರಿಟರ್ನ್ ಬದಿಯನ್ನೂ ಫರ್ನೆಸಿನ ಪಕ್ಕದ ಕೀಲುಗಳನ್ನೂ ನೋಡಬೇಕು ಎನ್ನುವುದು ಇದಕ್ಕೇ.

ಮನೆಯ ಶಕ್ತಿ ಸೋರಿಕೆ ಅಳೆಯಲು ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಒಳಗಿನ ಒತ್ತಡವನ್ನು 50 ಪ್ಯಾಸ್ಕಲ್ ಇಳಿಸುವ ಬ್ಲೋವರ್ ಡೋರ್ ಪರೀಕ್ಷೆಗೂ ಇದೇ ತರ್ಕ ಅನ್ವಯಿಸುತ್ತದೆ. ಹೊದಿಕೆ ಕಿತ್ತುಬಂದಿದ್ದರೆ ಅಥವಾ ಆಟಿಕ್‌ನಲ್ಲಿ ವರ್ಮಿಕ್ಯುಲೈಟ್ ಇದ್ದರೆ ಆ ಪರೀಕ್ಷೆ ಎಲ್ಲ ಸಂದಿಗಳಿಂದ ಧೂಳನ್ನು ವಾಸದ ಕೋಣೆಗೆ ಎಳೆಯುತ್ತದೆ. ಪರೀಕ್ಷೆಗೆ ಬರುವವರಿಗೆ ಮೊದಲೇ ತಿಳಿಸಬೇಕು.

ಪ್ರಶ್ನೆ ಈಗಲೇ ಯಾಕೆ ಎದ್ದಿತು

ದಶಕಗಳ ಕಾಲ ಸುಮ್ಮನಿದ್ದ ಹೊದಿಕೆಗೆ ಈಗ ಕೈ ಬೀಳುತ್ತಿರುವುದಕ್ಕೆ ಆಸ್ಬೆಸ್ಟಾಸ್ ನಿಯಮ ಕಾರಣವಲ್ಲ. ಶೀತಕ ಅನಿಲದ ನಿಯಮ ಮತ್ತು ತೆರಿಗೆ ನಿಯಮ ಕಾರಣ. 2025ರ ಜನವರಿ 1ರಿಂದ ಮನೆಯ ಹೊಸ ಏರ್ ಕಂಡೀಷನರುಗಳನ್ನು ಹಳೆಯ ಆರ್-410ಎ ಅನಿಲಕ್ಕೆಂದು ತಯಾರಿಸುವಂತಿಲ್ಲ. ಆರ್-454ಬಿ ಅಥವಾ ಆರ್-32 ಬಳಸುವ ಯಂತ್ರಗಳು ಬಂದಿವೆ. ಹೊರಗಿನ ಯಂತ್ರ ಕೆಟ್ಟು ಹೊಸ ಅನಿಲದ್ದನ್ನು ಹಾಕಿಸಿದರೆ, ಗಾಳಿಯನ್ನು ತಂಪಾಗಿಸುವ, ಫರ್ನೆಸಿನ ಮೇಲಿನ ಕಾಯಿಲ್ ಕೂಡ ಸಾಮಾನ್ಯವಾಗಿ ಬದಲಾಗಬೇಕಾಗುತ್ತದೆ. ಕಾಯಿಲ್ ಕೂರುವುದು ಪ್ಲೀನಮ್ ಎಂಬ ದೊಡ್ಡ ತಗಡಿನ ಪೆಟ್ಟಿಗೆಯಲ್ಲಿ, ಹಳೆಯ ಹೊದಿಕೆ ಅತ್ಯಂತ ದಪ್ಪಗಿರುವುದೂ ಅಲ್ಲೇ.

ಇನ್ನೊಂದು ಕಡೆ, ಹೊರಗಿನ ಶಾಖವನ್ನು ಮನೆಯೊಳಕ್ಕೆ ತರುವ ವಿದ್ಯುತ್ ಯಂತ್ರವಾದ ಹೀಟ್ ಪಂಪಿಗೆ ಸಿಗುತ್ತಿದ್ದ ಕೇಂದ್ರದ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಆ ಗಡುವಿನೊಳಗೆ ಕೆಲಸ ಮುಗಿಸಬೇಕೆಂದವರಿಗೆ ಹೊದಿಕೆಯನ್ನು ಪರೀಕ್ಷೆ ಮಾಡಿಸುವ ವ್ಯವಧಾನ ಕಡಿಮೆಯಿತ್ತು. ಹೀಟ್ ಪಂಪಿಗೆ ಡಕ್ಟಿನ ಬಗ್ಗೆ ತನ್ನದೇ ಬೇಡಿಕೆಯೂ ಇದೆ. ಗ್ಯಾಸ್ ಫರ್ನೆಸ್ ಬಹಳ ಬಿಸಿಯಾದ ಗಾಳಿಯನ್ನು ಸ್ವಲ್ಪವೇ ಕಳಿಸಿ ಕೋಣೆ ಬೆಚ್ಚಗೆ ಮಾಡುತ್ತದೆ. ಹೀಟ್ ಪಂಪ್ ಬೆಚ್ಚನೆಯ ಗಾಳಿಯನ್ನು ಹೆಚ್ಚು ಪ್ರಮಾಣದಲ್ಲಿ ಕಳಿಸಬೇಕು, ಯಂತ್ರದ ಸಾಮರ್ಥ್ಯವನ್ನು ಅಳೆಯುವ ಒಂದು ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ. ಮೂರು ಟನ್ ಯಂತ್ರಕ್ಕೆ 1,200 ಘನ ಅಡಿ. ಹಳೆಯ ಕಿರಿದಾದ ರಿಟರ್ನ್ ಡಕ್ಟು ಅದನ್ನು ತಾಳದಿದ್ದಾಗ ಕಾಂಟ್ರಾಕ್ಟರ್ ತಗಡು ಕತ್ತರಿಸಿ ಅಗಲ ಮಾಡುತ್ತಾನೆ. ಕತ್ತರಿ ಹೋಗುವುದು ಆ ಬಿಳಿ ಪಟ್ಟಿಯ ಮೇಲೆಯೇ.

ಅಪಾಯದ ಕ್ಷಣ ಇದು. ಮನೆಗೆ ಆಸ್ಬೆಸ್ಟಾಸ್ ತಜ್ಞ ಬಂದ ದಿನವಲ್ಲ, ಯಂತ್ರ ಬದಲಿಸುವವನು ಬಂದ ದಿನ.

ಪರೀಕ್ಷೆ: ಕಣ್ಣಿಂದ ಆಗುವುದಿಲ್ಲ

ಮನೆ ಕೊಳ್ಳುವಾಗ ಬರುವ ಇನ್‌ಸ್ಪೆಕ್ಟರ್ ಆಸ್ಬೆಸ್ಟಾಸ್ ಪರೀಕ್ಷಿಸುವುದಿಲ್ಲ. ಅವರ ಕೆಲಸದ ಮಾನದಂಡದಲ್ಲೇ ಅದು ಹೊರಗಿದೆ. ಹೆಚ್ಚೆಂದರೆ "ಆಸ್ಬೆಸ್ಟಾಸ್‌ನಂತೆ ಕಾಣುವ ವಸ್ತು" ಎಂದು ವರದಿಯಲ್ಲಿ ಬರೆಯುತ್ತಾರೆ. ಖಚಿತಪಡಿಸುವುದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕ, ಅಂದರೆ ಪಿಎಲ್‌ಎಂ ಪರೀಕ್ಷೆ. ಎನ್‌ವಿಎಲ್‌ಎಪಿ ಎಂಬ ಸರ್ಕಾರಿ ಯೋಜನೆಯ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು. ಶೇ 1ಕ್ಕಿಂತ ಹೆಚ್ಚು ಇದ್ದರೆ ನಿಯಮದ ಪ್ರಕಾರ ಅದು ಆಸ್ಬೆಸ್ಟಾಸ್ ವಸ್ತು. ಒಂದು ಮಾದರಿಯ ಖರ್ಚು ಕೆಲವು ಹತ್ತು ಡಾಲರ್ ಮಾತ್ರ. ಮುಂದೆ ಆಗಬಹುದಾದ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಮಾದರಿ ತೆಗೆಯಲು ತರಬೇತಿ ಪಡೆದವರನ್ನೇ ಕರೆಸುವುದು ಲೇಸು. ಅವರು ಮಾಡುವ ಕ್ರಮ ಹೀಗಿರಬೇಕು. ಬ್ಲೋವರ್ ನಿಲ್ಲಿಸಬೇಕು, ಥರ್ಮೋಸ್ಟಾಟಿನಲ್ಲಿ ತಾಪಮಾನ ಇಳಿಸಿದರೆ ಸಾಲದು, ಫ್ಯಾನ್ ಸ್ವಿಚ್ಚೂ ಆಫ್ ಆಗಿರಬೇಕು. ಕೆಳಗೆ ಪ್ಲಾಸ್ಟಿಕ್ ಹಾಸಿ, ಒಂದೆರಡು ಹನಿ ಪಾತ್ರೆ ತೊಳೆಯುವ ಸಾಬೂನು ಬೆರೆಸಿದ ನೀರನ್ನು ಸಣ್ಣ ತುಂತುರಾಗಿ ಸಿಂಪಡಿಸಬೇಕು. ಬರಿಯ ನೀರು ಕಾಗದದೊಳಗೆ ಇಳಿಯದೆ ಜಾರಿಹೋಗುತ್ತದೆ. ಸಾಬೂನು ಅದನ್ನು ಒಳಕ್ಕೆ ಇಳಿಸುತ್ತದೆ. ಚೂಪಾದ ಚಾಕುವಿನಿಂದ ಪೂರ್ತಿ ದಪ್ಪದ ಚಿಕ್ಕ ತುಂಡು ಕತ್ತರಿಸಿ ಚೀಲದಲ್ಲಿ ಮುಚ್ಚಿ, ಕತ್ತರಿಸಿದ ಜಾಗವನ್ನು ಟೇಪಿನಿಂದ ಮುಚ್ಚಿ, ಸುತ್ತಮುತ್ತ ಒದ್ದೆ ಕಾಗದದಲ್ಲಿ ಒರೆಸಬೇಕು. ಒಂದೇ ಬಗೆಯ ಹೊದಿಕೆ ಇಡೀ ಡಕ್ಟಿನ ಮೇಲಿದ್ದರೂ ಮೂರು ಕಡೆಯಿಂದ ತೆಗೆಯುವುದು ಸರಿ, ಏಕೆಂದರೆ ದಶಕಗಳಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಪಟ್ಟಿ ಅಂಟಿಸಿರುತ್ತಾರೆ. ಒಂದು ಮಾದರಿಯಲ್ಲಿ ಇಲ್ಲ ಎಂದು ಬಂದರೆ ಇಡೀ ಮನೆ ಪಾಸಾಯಿತು ಎಂದುಕೊಳ್ಳುವುದು ಅಪಾಯದ ತಪ್ಪು. ವರ್ಮಿಕ್ಯುಲೈಟಿಗಂತೂ ಮಾದರಿ ಪರೀಕ್ಷೆಯನ್ನೇ ನಂಬಬಾರದು. ಅದರಲ್ಲಿ ಆಸ್ಬೆಸ್ಟಾಸ್ ಇದೆ ಎಂದೇ ಭಾವಿಸಿ ನಡೆಯಬೇಕು.

ಮುಚ್ಚುವುದೋ, ತೆಗೆಯುವುದೋ, ಬಿಟ್ಟು ಬೇರೆ ದಾರಿ ಹಿಡಿಯುವುದೋ

ಹೊದಿಕೆ ಗಟ್ಟಿಯಾಗಿದೆ, ಅಂಚು ಮಾತ್ರ ಅಲ್ಲಲ್ಲಿ ಎದ್ದಿದೆ, ಯಂತ್ರ ಬದಲಿಸುವ ಯೋಚನೆಯೂ ಸದ್ಯಕ್ಕಿಲ್ಲ ಎಂದರೆ ಮುಚ್ಚುವುದೇ ಸರಿ. ಎದ್ದ ಅಂಚನ್ನು ತುಂತುರು ನೀರಿನಿಂದ ತೋಯಿಸಿ ಕೂರಿಸಿ, ಒದ್ದೆ ಮಾಡಿದರೆ ಅಂಟುವ ಫೈಬರ್‌ಗ್ಲಾಸ್ ಬಟ್ಟೆಯನ್ನು ಮೇಲೆ ಹಾಸಿ, ಒಣಗಿದ ಬಳಿಕ ಮುಚ್ಚುಲೇಪವನ್ನು ಎರಡು ಕೋಟು ಬಳಿಯುತ್ತಾರೆ. ಇಲ್ಲಿ ಜನ ಮಾಡುವ ತಪ್ಪು ಅಲ್ಯುಮಿನಿಯಂ ಟೇಪ್ ಸುತ್ತುವುದು. ಧೂಳು ಹಿಡಿದ ಒಣ ಕಾಗದಕ್ಕೆ ಅದು ನಿಲ್ಲುವುದಿಲ್ಲ. ಕೆಲವು ತಿಂಗಳಲ್ಲಿ ಬಿಚ್ಚಿಕೊಳ್ಳುವಾಗ ಎಳೆಯ ಒಂದು ಪದರವನ್ನೇ ಕಿತ್ತುಕೊಂಡು ಬರುತ್ತದೆ. ಬಟ್ಟೆಯ ಬೂದು ಡಕ್ಟ್ ಟೇಪ್ ಇನ್ನೂ ಕೆಟ್ಟದ್ದು, ಬಿಸಿಗೆ ಅದರ ಅಂಟು ಒಣಗಿಹೋಗುತ್ತದೆ.

ಮುಚ್ಚಿದ ಮೇಲೆ ಕೆಲಸ ಮುಗಿಯಿತು ಎಂದಲ್ಲ. ವರ್ಷಕ್ಕೊಮ್ಮೆ ನೋಡಬೇಕು, ಡಕ್ಟಿನ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಬೇಕು. ನೀರು ಸೋರುವ ಜಾಗದಲ್ಲಿ, ತಲೆ ತಾಗುವಷ್ಟು ಕೆಳಗೆ ಇರುವಲ್ಲಿ, ಮಕ್ಕಳು ಆಡುವ ಬೇಸ್‌ಮೆಂಟಿನಲ್ಲಿ ಮುಚ್ಚುಲೇಪ ಬಾಳುವುದಿಲ್ಲ.

ಡಕ್ಟೇ ಬದಲಾಗಬೇಕಿದ್ದರೆ ತೆಗೆಯುವುದು ಅನಿವಾರ್ಯ. ಆಗ ಕೇಳಬೇಕಾದ ಪ್ರಶ್ನೆ ಒಂದು: ಹೊದಿಕೆಯನ್ನು ಕೆರೆದು ತೆಗೆಯುತ್ತೀರೋ, ಡಕ್ಟಿನ ತುಂಡನ್ನೇ ಹೊದಿಕೆ ಸಮೇತ ಇಳಿಸುತ್ತೀರೋ? ಎರಡನೆಯ ವಿಧಾನದಲ್ಲಿ ಡಕ್ಟನ್ನು 6 ಮಿಲ್ (ಮಿಲ್ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು) ದಪ್ಪದ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಬಿಗಿದು, ಹೊದಿಕೆ ಇಲ್ಲದ ಬರಿ ತಗಡಿರುವಲ್ಲಿ ಕತ್ತರಿಸಿ, ಇಡಿಯಾಗಿ ಹೊರಗೆ ಸಾಗಿಸುತ್ತಾರೆ. ಎಳೆ ಏಳುವುದು ಬಹಳ ಕಡಿಮೆ. ಹೇಗಿದ್ದರೂ ಎಸೆಯುವ ತಗಡನ್ನು ಕೆರೆದು ಚೊಕ್ಕಟ ಮಾಡುವುದರಲ್ಲಿ ಅರ್ಥವಿಲ್ಲ.

ನೆಲದೊಳಗಿನ ಟ್ರಾನ್ಸೈಟ್ ಕೊಳವೆಗೆ ಲೆಕ್ಕವೇ ಬೇರೆ. ಅದನ್ನು ತೆಗೆಯಬೇಕೆಂದರೆ ಮನೆಯ ನೆಲವನ್ನೇ ಒಡೆಯಬೇಕು. ಹಾಗೆ ಮಾಡಿಸುವುದು ಅಪರೂಪ, ಮಾಡಿಸಬೇಕಾಗಿಯೂ ಇಲ್ಲ. ಅದರ ನಿಜವಾದ ತೊಂದರೆ ಎಳೆಗಿಂತ ಹೆಚ್ಚಾಗಿ ನೀರು: ಕೀಲು ಬಿಟ್ಟು ಅಂತರ್ಜಲ ಒಳಬರುತ್ತದೆ, ಬೂಷ್ಟು ಬೆಳೆಯುತ್ತದೆ, ಮಣ್ಣಿನ ರೇಡಾನ್ ಎಂಬ ವಿಕಿರಣಶೀಲ ಅನಿಲ ಅದೇ ದಾರಿಯಲ್ಲಿ ಕೋಣೆಗೆ ಬರುತ್ತದೆ. ಒಳಗೆ ಬ್ರಷ್ ತಿರುಗಿಸಿ ಸ್ವಚ್ಛ ಮಾಡಿಸಿದರೆ ಸವೆದ ಸಿಮೆಂಟಿನಿಂದ ಎಳೆ ಬಿಡಿಸಿದಂತಾಗುತ್ತದೆ. ಸರಿಯಾದ ಪರಿಹಾರ, ಬ್ಲೋವರ್ ಸಂಬಂಧ ಕಡಿದು, ರಿಜಿಸ್ಟರುಗಳ ಮೂಲಕ ಕಾಂಕ್ರೀಟ್ ಗಂಜಿ ತುಂಬಿ ಶಾಶ್ವತವಾಗಿ ಮುಚ್ಚುವುದು. ಬದಲಿಗೆ ಆಟಿಕ್‌ನಲ್ಲಿ ಹೊಸ ಡಕ್ಟು ಹಾಯಿಸಬಹುದು, ಅಥವಾ ಡಕ್ಟೇ ಬೇಡದ ಮಿನಿ ಸ್ಪ್ಲಿಟ್ ಯಂತ್ರಗಳನ್ನು ಗೋಡೆಗೆ ಹಾಕಿಸಬಹುದು. ತಗಡಿನ ಡಕ್ಟುಗಳ ಮನೆಗೂ ಈ ಕೊನೆಯ ದಾರಿ ಯೋಚಿಸತಕ್ಕದ್ದು. ಹಳೆಯದನ್ನು ಮುಚ್ಚಿ ಅಲ್ಲೇ ಬಿಟ್ಟರೂ ಅದರೊಳಗೆ ಗಾಳಿ ಹರಿಯುವುದು ನಿಲ್ಲುತ್ತದೆ, ಅಪಾಯದ ದೊಡ್ಡ ಪಾಲು ಅಲ್ಲಿಗೆ ಹೋಗುತ್ತದೆ.

ತೆಗೆಯುವ ಕೆಲಸ ಎಲ್ಲಿ ಕೆಡುತ್ತದೆ

ಸರಿಯಾದ ಕೆಲಸದಲ್ಲಿ ಎಲ್ಲ ರಿಜಿಸ್ಟರುಗಳಿಗೂ ಪ್ಲಾಸ್ಟಿಕ್ ಮುಚ್ಚಿ, ಕೆಲಸದ ಜಾಗವನ್ನು ಪರದೆ ಕಟ್ಟಿ ಬೇರ್ಪಡಿಸಿ, ಅತಿಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ಯಂತ್ರದಿಂದ ಗಾಳಿಯನ್ನು ಹೊರಕ್ಕೆ ಎಳೆಯುತ್ತಾರೆ. ಒಳಗಿನ ಒತ್ತಡ ಹೊರಗಿಗಿಂತ 0.02 ಅಂಗುಲ ನೀರಿನ ಮಟ್ಟದಷ್ಟು ಕಡಿಮೆ ಇರಬೇಕು, ಗಂಟೆಗೆ ನಾಲ್ಕು ಸಲ ಇಡೀ ಗಾಳಿ ಬದಲಾಗಬೇಕು. 1,000 ಚದರಡಿಯ, 8 ಅಡಿ ಎತ್ತರದ ಬೇಸ್‌ಮೆಂಟ್ ಎಂದರೆ 8,000 ಘನ ಅಡಿ. ಗಂಟೆಗೆ 32,000, ಅಂದರೆ ನಿಮಿಷಕ್ಕೆ 533 ಘನ ಅಡಿ ಎಳೆಯುವ ಯಂತ್ರ ಬೇಕು. ಕಾಂಟ್ರಾಕ್ಟರ್ ತಂದ ಯಂತ್ರದ ಮೇಲಿನ ಸಂಖ್ಯೆ ನೋಡಿ ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಫಿಲ್ಟರ್ ತುಂಬಿದಂತೆ ಗಾಳಿ ಕಡಿಮೆಯಾಗುವುದರಿಂದ ಸ್ವಲ್ಪ ದೊಡ್ಡದೇ ಇರಲಿ.

ಇದರೊಳಗೇ ಒಂದು ಪ್ರಾಣಾಪಾಯ ಅಡಗಿದೆ. ಅದೇ ಬೇಸ್‌ಮೆಂಟಿನಲ್ಲಿ ಚಿಮಣಿಗೆ ಸೇರುವ ಗ್ಯಾಸಿನ ವಾಟರ್ ಹೀಟರ್ ಇದ್ದರೆ, ಎಳೆಯುವ ಯಂತ್ರ ಚಿಮಣಿಯ ಹೊಗೆಯನ್ನು ಮನೆಯೊಳಕ್ಕೆ ಎಳೆಯುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಕೆಲಸ ಶುರುವಾಗುವ ಮೊದಲೇ ಹೀಟರ್ ಆಫ್ ಮಾಡಿರಬೇಕು.

ಕೆಲಸದ ಉದ್ದಕ್ಕೂ ಹೊದಿಕೆ ತೊಯ್ದಿರಬೇಕು; ಒಣಗಿದ್ದನ್ನು ಕೀಳುವುದು ಕಂಡರೆ ನಿಲ್ಲಿಸುವಂತೆ ಹೇಳಬೇಕು. ಕೆಲಸಗಾರರಿಗೆ ಎನ್95 ಮುಖಗವಸು ಸಾಲದು, ಕನಿಷ್ಠ ಪಿ100 ಫಿಲ್ಟರಿನ ರೆಸ್ಪಿರೇಟರ್ ಬೇಕು. ಮುಗಿದ ಮೇಲೆ ಹೆಪಾ ವ್ಯಾಕ್ಯೂಮ್, ಒದ್ದೆ ಬಟ್ಟೆಯ ಒರೆಸುವಿಕೆ, ಕಣ್ಣಿನ ಪರಿಶೀಲನೆ, ಉಳಿದ ಎಳೆಯನ್ನು ಹಿಡಿದಿಡುವ ಲೇಪ, ಕೊನೆಗೆ ಗಾಳಿಯ ಪರೀಕ್ಷೆ. ಒಂದು ಘನ ಸೆಂಟಿಮೀಟರಿಗೆ 0.01 ಎಳೆಗಿಂತ ಕಡಿಮೆ ಇರಬೇಕೆನ್ನುವುದು ಸಾಮಾನ್ಯ ಮಿತಿ. ಈ ಪರೀಕ್ಷೆ ಮಾಡುವವರು ತೆಗೆದ ಕಂಪನಿಯವರಾಗಿರಬಾರದು, ಆ ಕಂಪನಿಯಿಂದ ಹಣ ಪಡೆಯುವವರೂ ಆಗಿರಬಾರದು. ತಾನೇ ಮಾಡಿದ ಕೆಲಸಕ್ಕೆ ತಾನೇ ಪ್ರಮಾಣಪತ್ರ ಕೊಡುವ ವ್ಯವಸ್ಥೆಗೆ ಒಪ್ಪಲೇಬಾರದು.

ಯಾರೋ ಗೊತ್ತಿಲ್ಲದೆ ಆಗಲೇ ಹರಿದುಬಿಟ್ಟಿದ್ದರೆ? ಬ್ಲೋವರ್ ನಿಲ್ಲಿಸಿ, ಬೇಸ್‌ಮೆಂಟಿನ ಬಾಗಿಲು ಮುಚ್ಚಿ. ಗುಡಿಸಬೇಡಿ, ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ. ಅದರ ಚೀಲ ಎಳೆಯನ್ನು ಹಿಡಿಯದೆ ಮನೆಯೆಲ್ಲ ಚೆಲ್ಲುತ್ತದೆ. ಧೂಳಿನ ಮಾದರಿ ಪರೀಕ್ಷೆಯಾಗುವವರೆಗೆ ಫರ್ನೆಸಿನ ಫಿಲ್ಟರನ್ನೂ ಮುಟ್ಟದಿರುವುದು ಒಳ್ಳೆಯದು. ಎಳೆ ಎಷ್ಟು ದೂರ ಹೋಗಿದೆ ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಅಗ್ಗದ ಡಕ್ಟ್ ಕ್ಲೀನಿಂಗ್

ಇಡೀ ಮನೆಯ ಡಕ್ಟ್ ಸ್ವಚ್ಛತೆ 99 ಡಾಲರಿಗೆ ಎಂಬ ಜಾಹೀರಾತು ಹಳೆಯ ಮನೆಯವರಿಗೆ ವಿಶೇಷವಾಗಿ ಅಪಾಯಕಾರಿ. ಒಂದು ವ್ಯವಸ್ಥೆಗೆ ಸಾಮಾನ್ಯವಾಗಿ 450ರಿಂದ 1,000 ಡಾಲರ್ ಆಗುತ್ತದೆ ಎಂದು ಇಪಿಎಯ ಕೈಪಿಡಿ ಹೇಳುತ್ತದೆ. ಡಕ್ಟ್ ಸ್ವಚ್ಛ ಮಾಡುವುದರಿಂದ ಆರೋಗ್ಯ ಸುಧಾರಿಸುತ್ತದೆ ಎಂಬುದು ಸಾಬೀತಾಗಿಲ್ಲ, ಬೂಷ್ಟು, ಇಲಿ ಹುಳುಗಳ ಕಾಟ, ಅಥವಾ ಗಾಳಿ ಕಟ್ಟುವಷ್ಟು ಧೂಳು ಇದ್ದರೆ ಮಾತ್ರ ಮಾಡಿಸಿ ಎಂದೂ ಅದೇ ಕೈಪಿಡಿ ಹೇಳುತ್ತದೆ. ಕಂಪಿಸುವ ಬ್ರಷ್ ಮತ್ತು ಗಾಳಿಯ ಚಾಟಿ ತಗಡನ್ನು ಒಳಗಿನಿಂದ ಬಡಿಯುವಾಗ ಹೊರಗಿನ ಒಣ ಹೊದಿಕೆ ಉದುರುತ್ತದೆ. ಹೊದಿಕೆ ಏನೆಂದು ಪರೀಕ್ಷೆಯಾಗದ ಮನೆಯಲ್ಲಿ ಈ ಕೆಲಸ ಬೇಡ.

ಕಾನೂನಿನ ತೂತು, ಮತ್ತು ಅದರ ಪರಿಣಾಮ

ಕಟ್ಟಡ ಒಡೆಯುವ ಮುನ್ನ ಆಸ್ಬೆಸ್ಟಾಸ್ ಹುಡುಕಬೇಕೆನ್ನುವ ಕೇಂದ್ರದ ನಿಯಮ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ವಾಸದ ಘಟಕಗಳಿರುವ ಮನೆಗಳನ್ನು ಹೊರಗಿಟ್ಟಿದೆ. ಕಾರ್ಮಿಕ ಸುರಕ್ಷತೆಯ ನಿಯಮ, 1980ರವರೆಗಿನ ಕಟ್ಟಡದ ಶಾಖನಿರೋಧಕ ಹೊದಿಕೆಯನ್ನು ಪರೀಕ್ಷೆಯಾಗುವವರೆಗೆ ಆಸ್ಬೆಸ್ಟಾಸ್ ಎಂದೇ ಪರಿಗಣಿಸುತ್ತದೆ. ಅದು ಕಾಪಾಡುವುದು ಕೂಲಿಗೆ ಬಂದ ಕೆಲಸಗಾರನನ್ನು. ಮನೆಯವರು ತಾವೇ ಕಿತ್ತರೆ ಅದು ಅನ್ವಯಿಸುವುದಿಲ್ಲ, ಹಲವು ರಾಜ್ಯಗಳು ಸ್ವಂತ ಮನೆಯಲ್ಲಿ ಹಾಗೆ ಮಾಡಲು ಬಿಡುತ್ತವೆ ಕೂಡ. ಅನುಮತಿ ಇದೆ ಎಂದಮಾತ್ರಕ್ಕೆ ಅದು ಸುರಕ್ಷಿತ ಎಂದಾಗಲಿಲ್ಲ. ಅತಿ ಹೆಚ್ಚು ಎಳೆ ಉಸಿರಾಡುವವರು ಹೀಗೆ ತಾವೇ ಕೀಳುವವರು.

ಮನೆ ಮಾರುವಾಗ ಸೀಸದ ಬಣ್ಣದ ಬಗ್ಗೆ ತಿಳಿಸಬೇಕೆಂಬ ಕೇಂದ್ರ ಕಾನೂನಿದೆ, ಆಸ್ಬೆಸ್ಟಾಸ್‌ಗೆ ಅಂಥದ್ದಿಲ್ಲ. ಹಲವು ರಾಜ್ಯಗಳಲ್ಲಿ ಮಾರುವವರು ತಮಗೆ ಗೊತ್ತಿರುವ ದೋಷವನ್ನು ಹೇಳಬೇಕು. ಗೊತ್ತಿದ್ದರೆ ಮಾತ್ರ ಹೇಳಬೇಕಾದ್ದರಿಂದ ಪರೀಕ್ಷೆ ಮಾಡಿಸದಿರುವುದೇ ಲಾಭ ಎನಿಸುತ್ತದೆ, ಹೊರೆ ಕೊಳ್ಳುವವರ ಮೇಲೆ ಬೀಳುತ್ತದೆ. ಆದ್ದರಿಂದ ಕೊಳ್ಳುವವರೇ ಒಪ್ಪಂದದ ಇನ್‌ಸ್ಪೆಕ್ಷನ್ ಅವಧಿಯೊಳಗೆ ಮಾದರಿ ಪರೀಕ್ಷೆಗೆ ಮಾರುವವರ ಒಪ್ಪಿಗೆ ಕೇಳಬೇಕು. ಆಸ್ಬೆಸ್ಟಾಸ್ ಇದೆ ಎಂದು ಬಂದರೆ ಮನೆ ಬಿಡಬೇಕೆಂದೇನಿಲ್ಲ, ಬೆಲೆ ಮಾತಾಡಲು ಅದು ಆಧಾರ.

ಅಮೆರಿಕದ ಸಂಸತ್ತಿನ ಮುಂದೆ ಹಲವು ಸಲ ಬಂದಿರುವ, ಆಸ್ಬೆಸ್ಟಾಸ್ ರೋಗದಿಂದ ತೀರಿಕೊಂಡವರೊಬ್ಬರ ಹೆಸರಿನ ಅಲನ್ ರೀನ್‌ಸ್ಟೈನ್ ಮಸೂದೆ ಆರೂ ಬಗೆಯ ಆಸ್ಬೆಸ್ಟಾಸನ್ನು ನಿಷೇಧಿಸಲು ಕೇಳುತ್ತದೆ. ಅದು ಅಂಗೀಕಾರವಾದರೂ ತಡೆಯುವುದು ಹೊಸ ಆಮದು ಮತ್ತು ಬಳಕೆಯನ್ನು. ಹಳೆಯ ಕಟ್ಟಡಗಳಲ್ಲಿನ ಅಪಾಯ ಅತಿಯಾದದ್ದು ಎಂದು ಇಪಿಎ ತೀರ್ಮಾನಿಸಿರುವುದರಿಂದ ಅದನ್ನು ನಿಭಾಯಿಸುವ ನಿಯಮ ರೂಪಿಸುವ ಹೊಣೆ ಅದರ ಮೇಲಿದೆ. ಆದರೆ ಹಿಂದಿನ ಅನುಭವ ನೋಡಿದರೆ ಅದೂ ನ್ಯಾಯಾಲಯಗಳ ಮೂಲಕ ಹಾದು ಬರುವಷ್ಟರಲ್ಲಿ ಎಷ್ಟೋ ಫರ್ನೆಸುಗಳು ಬದಲಾಗಿರುತ್ತವೆ.

ಯಂತ್ರ ಬದಲಿಸುವ ಕರಾರಿಗೆ ಸಹಿ ಹಾಕುವ ಮುನ್ನ

ಹಳೆಯ ಮನೆಗೆ ಹೀಟ್ ಪಂಪ್ ಅಥವಾ ಫರ್ನೆಸ್ ಹಾಕಿಸುವ ಕರಾರಿನಲ್ಲಿ ಆಸ್ಬೆಸ್ಟಾಸ್ ಎಂಬ ಪದವೇ ಇರುವುದಿಲ್ಲ, ಅಥವಾ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅದರ ಹೊಣೆ ನಮ್ಮದಲ್ಲ ಎಂದಿರುತ್ತದೆ. ಕೆಲಸದ ನಡುವೆ ಅದು ಸಿಕ್ಕರೆ ಎರಡರಲ್ಲೊಂದು ಆಗುತ್ತದೆ: ಪ್ರಾಮಾಣಿಕ ಕಾಂಟ್ರಾಕ್ಟರ್ ಕೆಲಸ ನಿಲ್ಲಿಸಿ ಹೋಗುತ್ತಾನೆ, ಚಳಿಗಾಲದಲ್ಲಿ ಮನೆ ಹೀಟಿಂಗ್ ಇಲ್ಲದೆ ಉಳಿಯುತ್ತದೆ. ಅವಸರದವನು ಕತ್ತರಿ ಆಡಿಸಿ ಮುಗಿಸುತ್ತಾನೆ. ಎರಡನ್ನೂ ತಪ್ಪಿಸಲು ಪರೀಕ್ಷೆಯ ವರದಿಯನ್ನು ಕರಾರಿಗೆ ಲಗತ್ತಿಸಿ, ಡಕ್ಟಿನ ಯಾವ ತುಂಡನ್ನು ಯಾರು, ಯಂತ್ರ ಬರುವ ಎಷ್ಟು ದಿನ ಮೊದಲು ತೆಗೆಯಬೇಕು ಎಂದು ಬರೆಸಬೇಕು. ವರದಿಯಲ್ಲಿ ಇಲ್ಲದ ಹೊದಿಕೆ ಗೋಡೆಯೊಳಗೆ ಸಿಕ್ಕರೆ ಕತ್ತರಿಸದೆ ನಿಲ್ಲಿಸಬೇಕು, ನಿಲ್ಲಿಸಿದ ದಿನಗಳ ಖರ್ಚು ಯಾರದು ಎಂಬುದೂ ಅದೇ ಹಾಳೆಯಲ್ಲಿರಲಿ. ಮನೆ ವಿಮೆ ಸಾಮಾನ್ಯವಾಗಿ ಆಸ್ಬೆಸ್ಟಾಸ್ ತೆಗೆಸುವ ಖರ್ಚನ್ನು ಕೊಡುವುದಿಲ್ಲ, ಹಾಗಾಗಿ ಆ ಮೊತ್ತವನ್ನು ಯಂತ್ರದ ಬೆಲೆಯ ಜೊತೆಗೇ ಮೊದಲೇ ಎತ್ತಿಡಬೇಕು. ತೆಗೆಸಿದ ಮೇಲೆ ಪ್ರಯೋಗಾಲಯದ ವರದಿ, ಕಸವನ್ನು ಅನುಮತಿ ಪಡೆದ ಜಾಗಕ್ಕೆ ತಲುಪಿಸಿದ ರಸೀದಿ, ಗಾಳಿ ಪರೀಕ್ಷೆಯ ಫಲಿತಾಂಶ ಮೂರನ್ನೂ ಮನೆ ಪತ್ರಗಳ ಜೊತೆ ಇಡಿ. ಮುಂದೆ ಮನೆ ಮಾರುವಾಗ ಕೊಳ್ಳುವವರು ಕೇಳುವ ಕಾಗದ ಅವು.